ಮೂರು ಗಂಟೆ ಸ್ವಲ್ಪ ದೂರ

ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಮರ ಕೆತ್ತುವ ಯಂತ್ರ ಒಂದಿದೆ. ಕೆತ್ತುವುದು ಅದು, ಹೊಗಳಿಸಿಕೊಳ್ಳುವುದು ನಾನು. ಕಂಪ್ಯೂಟರಿನಲ್ಲಿ ಚಿತ್ರ ಮಾಡಿ, ಹಲಗೆಯನ್ನು ಅದರ ಬಾಯಿಗಿಟ್ಟು, ಬಟನ್ ಒತ್ತಿದರೆ ನನ್ನ ಪಾಲಿನ ಕಲೆ ಮುಗಿಯಿತು. ಆಮೇಲೆ ಕಿವಿ ಮುಚ್ಚಿಕೊಂಡು ಪಕ್ಕದಲ್ಲಿ ನಿಂತಿರುವುದಷ್ಟೇ. ಬಂದವರು "ಇದನ್ನು ನೀವೇ ಕೆತ್ತಿದ್ರಾ?" ಎಂದು ಕೇಳಿದರೆ ನಾನು ಹೌದು ಎನ್ನುವುದೂ ಇಲ್ಲ, ಅಲ್ಲ ಎನ್ನುವುದೂ ಇಲ್ಲ. ಸುಮ್ನೆ ಹೆಬ್ಬೆರಳಿನ ಮೇಲಿನ ಹಳೇ ಗಾಯದ ಗುರುತು ಸವರಿಕೊಳ್ಳುತ್ತೇನೆ. ಅದು ಡಬ್ಬದ ಮುಚ್ಚಳ ತೆಗೆಯುವಾಗ ಆದದ್ದು.

ಈ ಯಂತ್ರದ ಸ್ವಭಾವ ಸ್ವಲ್ಪ ಬೇರೆ. ಇಂಥ ಹೆಚ್ಚಿನ ಯಂತ್ರಗಳಲ್ಲಿ ಹಲಗೆಯನ್ನು ಮೇಜಿಗೆ ಬಿಗಿದು ಕೂರಿಸುತ್ತಾರೆ, ತಿರುಗುತ್ತಾ ಮರ ಕೆತ್ತುವ ಅಲಗು, ಅಂದರೆ ಬಿಟ್, ಅದರ ಮೇಲೆ ಓಡಾಡುತ್ತದೆ. ನನ್ನದರಲ್ಲಿ ಬಿಟ್ ಅಡ್ಡಡ್ಡ ಹೋಗುತ್ತದೆ, ಮೇಲೆ ಕೆಳಗೆ ಆಡುತ್ತದೆ, ಅಷ್ಟೇ. ಉದ್ದಕ್ಕೆ ಹಲಗೆಯೇ ಹೋಗಿ ಬರಬೇಕು, ಪ್ರಿಂಟರಿನೊಳಗೆ ಕಾಗದ ಹೋಗುವ ಹಾಗೆ. ಕೆಳಗೆ ಒರಟು ಬೆಲ್ಟು ಹಲಗೆಯನ್ನು ತಳ್ಳುತ್ತದೆ, ಮೇಲಿನಿಂದ ರಬ್ಬರ್ ರೋಲರುಗಳು ಅದನ್ನು ಒತ್ತಿ ಹಿಡಿದಿರುತ್ತವೆ. ಪುಟ್ಟ ಯಂತ್ರ ತನಗಿಂತ ಎಷ್ಟೋ ಉದ್ದದ ಹಲಗೆಯನ್ನು ಕೆತ್ತಬಲ್ಲದು. ಕೊಂಡಾಗ ಈ ಜಾಣತನ ನೋಡಿ ಬೆರಗಾಗಿದ್ದೆ. ಹಲಗೆ ಎಷ್ಟು ದೂರ ಹೋಯಿತು ಅಂತ ಅದಕ್ಕೆ ಯಾರು ಹೇಳುತ್ತಾರೆ ಎಂಬ ಪ್ರಶ್ನೆ ಮಾತ್ರ ನನಗೆ ಮೂರು ವರ್ಷ ಹೊಳೆಯಲೇ ಇಲ್ಲ.

ಅತ್ತಿಗೆಗೆ ಒಂದು ಗೋಡೆ ಗಡಿಯಾರ ಮಾಡಿಕೊಡುತ್ತೇನೆ ಅಂತ ಎರಡು ವರ್ಷದಿಂದ ಹೇಳುತ್ತಾ ಬಂದಿದ್ದೆ. "ನೀನು ಗಡಿಯಾರ ಕೊಡೋ ಹೊತ್ತಿಗೆ ನನಗೆ ಅಂಕಿ ಕಾಣೋದೇ ನಿಂತಿರುತ್ತೆ ಬಿಡು" ಎಂದು ಅವರು ಒಂದು ದಿನ ಹೇಳಿದಾಗ ರೋಷ ಬಂತು. ಅದೇ ರಾತ್ರಿ ಕೂತು ಚಿತ್ರ ಮಾಡಿದೆ. 300 ಮಿಲಿಮೀಟರ್ ಅಗಲದ ದುಂಡು ಮುಖ, ಸುತ್ತಲೂ ಬಳ್ಳಿ, ಒಳಗೆ ಹನ್ನೆರಡು ಅಂಕಿ. 600 ಮಿಲಿಮೀಟರ್ ಉದ್ದದ ಪೈನ್ ಹಲಗೆ. ಮೂರೂವರೆ ಗಂಟೆ ಕಿರುಚಿ, ಶೆಡ್ಡಿನ ತುಂಬ ಹೊಟ್ಟು ಹಾರಿಸಿ, ಯಂತ್ರ ಕೆಲಸ ಮುಗಿಸಿತು.

ಹೊಟ್ಟು ಒರೆಸಿ, ಮುಳ್ಳು ಕೂರಿಸಿ, ಹೆಂಡತಿಯನ್ನು ಕರೆದೆ. ಅವಳು ನೋಡಿದಳು. ತಲೆ ವಾರೆ ಮಾಡಿ ಇನ್ನೊಮ್ಮೆ ನೋಡಿದಳು.

"ಹೇಗಿದೆ?"

"ಚೆನ್ನಾಗಿದೆ ರೀ. ಆದ್ರೆ ಮೂರು ಗಂಟೆ ಸ್ವಲ್ಪ ದೂರ ಇದೆ."

ಟೇಪ್ ಹಿಡಿದೆ. ಹನ್ನೆರಡರಿಂದ ಆರರ ಕಡೆಗೆ ಸರಿಯಾಗಿ 300. ಒಂಬತ್ತರಿಂದ ಮೂರರ ಕಡೆಗೆ 310. ದುಂಡಗಿನ ಗಡಿಯಾರ ಮೊಟ್ಟೆಯಾಗಿತ್ತು. ದೊಡ್ಡ ಮುಳ್ಳು ಹನ್ನೆರಡನ್ನೂ ಆರನ್ನೂ ಸರಿಯಾಗಿ ಮುಟ್ಟುತ್ತಿತ್ತು. ಮೂರು ಮತ್ತು ಒಂಬತ್ತರ ಹತ್ತಿರ ಬಂದಾಗ ಐದು ಮಿಲಿಮೀಟರ್ ಹಿಂದೆಯೇ ನಿಂತು, ಅಟ್ಟದ ಮೇಲಿನ ಡಬ್ಬಕ್ಕೆ ಕೈ ಎಟುಕದವರ ಹಾಗೆ ಮುಂದೆ ಹೋಗುತ್ತಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದರಲ್ಲಿ ನನ್ನದು ಎತ್ತಿದ ಕೈ. ತಪ್ಪೆಲ್ಲ ಸಾಫ್ಟ್‌ವೇರಿನದು ಅಂತ ತೀರ್ಮಾನಿಸಿದೆ. ಅದನ್ನು ತೆಗೆದು ಮತ್ತೆ ಹಾಕಿದೆ. ಚಿತ್ರ ಹೊಸದಾಗಿ ಮಾಡಿದೆ. ಬಿಟ್ ಬದಲಿಸಿದೆ. ಕೇಬಲನ್ನೂ ಬದಲಿಸಿದೆ, ಯಾಕೆ ಅಂತ ಕೇಳಬೇಡಿ, ಕೈಗೆ ಸಿಕ್ಕಿತು. ಎರಡನೇ ಹಲಗೆ ಹಾಕಿದೆ. ಎರಡನೇ ಮೊಟ್ಟೆ ಬಂತು. ಅದೂ 310. ತಪ್ಪು ಮಾಡುವುದರಲ್ಲಿ ಇಷ್ಟು ನಿಖರತೆ ನಾನು ಮನುಷ್ಯರಲ್ಲಿ ಕಂಡಿಲ್ಲ.

ಮೂರನೇ ಹಲಗೆಗೆ ಕೈ ಹಾಕುವಾಗ ಮಗಳು ಬಾಗಿಲಲ್ಲಿ ನಿಂತು ಕೇಳಿದಳು: "ಅಪ್ಪಾ, ಹಲಗೆ ಎಷ್ಟು ಮುಂದೆ ಹೋಯ್ತು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?"

"ಮೋಟರ್ ಎಷ್ಟು ತಿರುಗಿತು ಅಂತ ಎಣಿಸುತ್ತೆ ಪುಟ್ಟಾ" ಎಂದೆ, ಗೊತ್ತಿಲ್ಲದ್ದನ್ನು ಹೇಳುವಾಗ ಬರುವ ಆ ವಿಶೇಷ ಧೈರ್ಯದಲ್ಲಿ.

"ಬೆಲ್ಟ್ ಜಾರಿದ್ರೆ?"

ಆಗ ಕೈಪಿಡಿ ತೆರೆದೆ. ಮೂರು ವರ್ಷದಿಂದ ಅದು ಶೆಡ್ಡಿನ ಕಾಲು ಗಿಡ್ಡವಾದ ಮೇಜಿನ ಕೆಳಗೆ ಸೇವೆ ಸಲ್ಲಿಸುತ್ತಿತ್ತು. ಎಳೆದ ಕೂಡಲೇ ಮೇಜು ವಾಲಿ, ಮೇಲಿದ್ದ ಸ್ಕ್ರೂ ಡಬ್ಬ ಕೆಳಗೆ ಬಿತ್ತು. ಅದರ ಪ್ರಕಾರ ಯಂತ್ರ ಮೋಟರನ್ನು ನಂಬುವುದೇ ಇಲ್ಲ. ಬೆಲ್ಟ್ ಜಾರಬಹುದು, ಸವೆಯಬಹುದು. ಹಾಗಾಗಿ ಹಲಗೆ ಸಾಗುವ ದಾರಿಯಲ್ಲಿ ಒಂದು ಪುಟ್ಟ ಹಿತ್ತಾಳೆ ರೋಲರ್ ಇಟ್ಟಿದ್ದಾರೆ. ಅದು ಹಲಗೆಯನ್ನು ತಳ್ಳುವುದಿಲ್ಲ, ಹಿಡಿಯುವುದಿಲ್ಲ. ಹಲಗೆಯ ಹೊಟ್ಟೆಗೆ ತಾಗಿಕೊಂಡು, ಹಲಗೆ ಹೋದಷ್ಟೇ ತಾನೂ ಉರುಳುತ್ತದೆ. ಪಕ್ಕದಲ್ಲಿರುವ ಎನ್‌ಕೋಡರ್ ಆ ಸುತ್ತುಗಳನ್ನು ಎಣಿಸುತ್ತದೆ. ಯಂತ್ರದ ಮಟ್ಟಿಗೆ ಲೋಕದಲ್ಲಿ ಉದ್ದ ಅಂದರೆ ಆ ರೋಲರ್ ಹೇಳಿದ್ದೇ.

ಉಪಾಯ ಹಳೆಯದು. ಸೈಕಲ್ಲಿನ ದೂರ ತೋರಿಸುವ ಮೀಟರಿನಲ್ಲಿ ಇರುವುದೂ ಇದೇ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವಿಟ್ರೂವಿಯಸ್ ಇಂಥದ್ದೇ ಒಂದು ಬಂಡಿಯನ್ನು ವಿವರಿಸಿದ್ದಾನೆ. ಚಕ್ರ 400 ಸುತ್ತು ತಿರುಗಿದರೆ 5,000 ರೋಮನ್ ಅಡಿ, ಅಂದರೆ ಅವರ ಒಂದು ಮೈಲಿ. ಆಗ ಹಲ್ಲುಚಕ್ರಗಳು ಕೂಡಿಕೊಂಡು ಒಂದು ಕಲ್ಲನ್ನು ಕೆಳಗಿನ ಪೆಟ್ಟಿಗೆಗೆ ಬೀಳಿಸುತ್ತಿದ್ದವು. ಸಂಜೆ ಕಲ್ಲು ಎಣಿಸಿದರೆ ದಿನದ ಪ್ರಯಾಣ ಸಿಕ್ಕಿತು. ಆದರೆ ಆ ಚಕ್ರಕ್ಕೆ ಕೆಸರು ಮೆತ್ತಿಕೊಂಡರೆ? ಚಕ್ರ ದಪ್ಪವಾಗುತ್ತದೆ, ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ, ಪೆಟ್ಟಿಗೆಗೆ ಕಲ್ಲು ಕಮ್ಮಿ ಬೀಳುತ್ತದೆ.

ನನ್ನ ರೋಲರಿಗೆ ಮೆತ್ತಿಕೊಂಡದ್ದು ಪೈನ್ ಮರದ ಅಂಟು. ಅದರ ಮೇಲೆ ಹೊಟ್ಟಿನ ಪುಡಿ, ಪುಡಿಯ ಮೇಲೆ ಮತ್ತೆ ಅಂಟು. ಮೂರು ವರ್ಷದ ಉಳಿತಾಯ. ಟಾರ್ಚ್ ಹಿಡಿದು ನೋಡಿದರೆ ಹಿತ್ತಾಳೆಯ ಬಣ್ಣವೇ ಇಲ್ಲ, ಕಂದು ಕೋಟು ತೊಟ್ಟುಕೊಂಡು ಕೂತಿತ್ತು. ಆ ಕೋಟಿನ ದಪ್ಪ ಸುಮಾರು 0.2 ಮಿಲಿಮೀಟರ್, ಎರಡು ಹಾಳೆ ಕಾಗದದಷ್ಟು. ಅಷ್ಟಕ್ಕೆಲ್ಲ ಏನಾಗುತ್ತೆ ಅನ್ನಿಸಿ ಲೆಕ್ಕ ಹಾಕಿದೆ. ರೋಲರಿನ ವ್ಯಾಸ 12 ಮಿಲಿಮೀಟರ್. ಎರಡೂ ಕಡೆ ಸೇರಿ 12.4 ಆಯಿತು. 12ಕ್ಕೆ 0.4 ಜಾಸ್ತಿ ಅಂದರೆ ಮೂವತ್ತರಲ್ಲಿ ಒಂದು ಪಾಲು. 300ರ ಮೂವತ್ತನೇ ಒಂದು ಪಾಲು 10. ಅತ್ತಿಗೆಯ ಮೊಟ್ಟೆ ಅಲ್ಲೇ ಇತ್ತು!

ಇನ್ನೊಂದು ವಿಷಯ ಆಗ ನೆನಪಾಗಿ ನಾಚಿಕೆಯಾಯಿತು. ಕೆತ್ತುವ ಮೊದಲು ಈ ಯಂತ್ರ ಹಲಗೆಯನ್ನು ಒಮ್ಮೆ ಒಳಗೆಳೆದುಕೊಂಡು ಅಳೆದು, ಉದ್ದ ಎಷ್ಟೆಂದು ಪರದೆಯ ಮೇಲೆ ತೋರಿಸುತ್ತದೆ. ನನ್ನ 600ರ ಹಲಗೆಗಳಿಗೆಲ್ಲ ಅದು 581 ಎಂದು ತೋರಿಸುತ್ತಿತ್ತು. ಯಂತ್ರ ಸುಳ್ಳು ಹೇಳುತ್ತದೆಯೇ? ಹಲಗೆ ಕೊಟ್ಟವನೇ ಕಮ್ಮಿ ಕೊಯ್ದು ಕೊಟ್ಟಿದ್ದಾನೆ ಅಂತ ತಿಂಗಳುಗಟ್ಟಲೆ ಅವನನ್ನು ಮನಸ್ಸಿನಲ್ಲೇ ಬೈದಿದ್ದೆ. ಟೇಪ್ ಅಲ್ಲೇ ಗೂಟಕ್ಕೆ ನೇತಾಡುತ್ತಿತ್ತು.

ರೋಗ ಗೊತ್ತಾಯಿತಲ್ಲ, ಇನ್ನು ಐದು ನಿಮಿಷದ ಕೆಲಸ ಅಂದುಕೊಂಡೆ. ನಾನು "ಐದು ನಿಮಿಷ" ಅಂದ ಕೂಡಲೇ ಹೆಂಡತಿ ಶೆಡ್ಡಿನ ಬಾಗಿಲು ಹೊರಗಿನಿಂದ ಎಳೆದುಕೊಳ್ಳುವುದು ವಾಡಿಕೆ.

ಮೊದಲ ಮದ್ದು ಗಾಳಿ. ಕಂಪ್ರೆಸರಿನ ಪೈಪನ್ನು ಸಂದಿಗೆ ಹಿಡಿದು ಒತ್ತಿದೆ. ಮೂರು ವರ್ಷದ ಹೊಟ್ಟು ಒಂದೇ ಏಟಿಗೆ ಹೊರಗೆ ಬಂದು, ಶೆಡ್ಡಿನಲ್ಲಿ ಒಂದು ಸುತ್ತು ಹಾಕಿ, ನನ್ನ ಮುಖವನ್ನೇ ಆರಿಸಿಕೊಂಡಿತು. ಇದು ಬರೀ ಸೀನಿ ಮರೆಯುವ ವಿಷಯವಲ್ಲ ಅನ್ನಿ. ಮರದ ಪುಡಿಯನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮಾಸ್ಕ್ ಗೋಡೆಗೆ ಚೆನ್ನಾಗಿ ಒಪ್ಪುತ್ತಿತ್ತು, ಅಲ್ಲೇ ಇತ್ತು. ಇಷ್ಟಾದರೂ ರೋಲರಿನ ಕೋಟು ಮಾತ್ರ ಅಲುಗಲಿಲ್ಲ. ಅಂಟು ಗಾಳಿಗೆ ಹೋಗುವುದಿಲ್ಲ. ಸಡಿಲವಾಗಿದ್ದ ಪುಡಿಯ ಅರ್ಧ ಹೊರಗೆ ಬಂತು, ಉಳಿದರ್ಧವನ್ನು ನಾನೇ ಒತ್ತಡ ಹಾಕಿ ಬೇರಿಂಗಿನೊಳಗೆ ನೂಕಿದ್ದೆ. ಅಲ್ಲಿಯವರೆಗೆ ಕೊಳಕಾಗಿದ್ದರೂ ಸಲೀಸಾಗಿ ತಿರುಗುತ್ತಿದ್ದ ರೋಲರ್ ಈಗ ಕಿರ್ ಎಂದಿತು.

ಕಿರ್ ಅಂದರೆ ಎಣ್ಣೆ, ಅಲ್ವಾ? ಹೊಲಿಗೆ ಯಂತ್ರದ ಎಣ್ಣೆ ತಂದು ನಾಲ್ಕು ಹನಿ ಬಿಟ್ಟೆ. ಐದನೆಯದು ತಾನಾಗಿಯೇ ಬಿತ್ತು. ಶಬ್ದ ನಿಂತಿತು. ಖುಷಿಯಲ್ಲಿ ಮೂರನೇ ಹಲಗೆ ಹಾಕಿದೆ. ಈ ಸಲ ಗಡಿಯಾರ ಮೊಟ್ಟೆಯಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಅಂಕಿಗಳೆಲ್ಲ ಎರಡೆರಡು ಕಾಣುತ್ತಿದ್ದವು. ನನ್ನ ಕನ್ನಡಕದ ದೋಷವಿರಬೇಕೆಂದು ಒರೆಸಿ ಮತ್ತೆ ಹಾಕಿಕೊಂಡೆ. ಆಗಲೂ ಎರಡೆರಡೇ. ಎಣ್ಣೆ ರೋಲರಿನ ಮೈಗೆ ಇಳಿದು, ಹಲಗೆ ಅದರ ಮೇಲೆ ಒಮ್ಮೆ ಜಾರಿ ಒಮ್ಮೆ ಉರುಳಿ ಹೋಗಿತ್ತು. ಹಲಗೆ ಹಿಂದೆ ಮುಂದೆ ಹೋದಂತೆಲ್ಲ ಯಂತ್ರದ ಲೆಕ್ಕ ಅಷ್ಟಷ್ಟು ತಪ್ಪಿ, ಮೊದಲು ಕೆತ್ತಿದ ಗೆರೆಯ ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದಿತ್ತು. ಸಾಲದ್ದಕ್ಕೆ ಎಣ್ಣೆಗೆ ಹೊಸ ಹೊಟ್ಟು ಕಲೆತು, ಬೇರಿಂಗಿನ ಬಾಯಲ್ಲಿ ಗಟ್ಟಿ ಲೇಪ ತಯಾರಾಗಿತ್ತು. ಮಗಳು ಬಂದು ನೋಡಿ, "ಇದರಲ್ಲಿ ಯಾವ ಟೈಮ್ ಬೇಕಾದ್ರೂ ಆರಿಸಿಕೊಳ್ಳಬಹುದಾ ಅಪ್ಪಾ?" ಎಂದಳು.

ಮೂರನೇ ಮದ್ದಿನ ಬಗ್ಗೆ ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ನಾನು ಉಪ್ಪುಕಾಗದ ತೆಗೆದುಕೊಂಡೆ.

ಹಿತ್ತಾಳೆ ಅಂದರೆ ತಾಮ್ರಕ್ಕೆ ಸತು ಬೆರೆಸಿದ ಲೋಹ. ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ, ಆದರೆ ಉಕ್ಕಿಗಿಂತ ಮೆದು. ಉಪ್ಪುಕಾಗದದ ಮೇಲಿರುವ ಅಲ್ಯೂಮಿನಿಯಂ ಆಕ್ಸೈಡ್ ಉಕ್ಕನ್ನೇ ಉಜ್ಜಿ ತೆಗೆಯುತ್ತದೆ. ಇಬ್ಬರನ್ನೂ ಎದುರುಬದುರು ಬಿಟ್ಟರೆ ಗೆಲ್ಲುವವರು ಯಾರೆಂದು ಹೇಳಬೇಕಿಲ್ಲ. ಆದರೆ ಉಜ್ಜುವಾಗ ಎಷ್ಟು ಹಿತವಾಗಿತ್ತು ಅಂತೀರಿ! ಕಂದು ಕೋಟು ಉದುರಿ ಚಿನ್ನದ ಬಣ್ಣ ಮಿನುಗಿತು. ಇನ್ನಷ್ಟು ಮಿನುಗಲಿ ಅಂತ ಇನ್ನಷ್ಟು ಉಜ್ಜಿದೆ. ಮನಸ್ಸಿಗೆ ತೃಪ್ತಿಯಾದ ಮೇಲೂ ಸ್ವಲ್ಪ ಉಜ್ಜಿದೆ.

ನಾಲ್ಕನೇ ಹಲಗೆ. ಅಳತೆ ತೋರಿಸುವ ಪರದೆಯನ್ನು ಈ ಸಲ ಮರೆಯದೆ ನೋಡಿದೆ. 606! ನನ್ನ ಹಲಗೆ ಬೆಳೆದಿತ್ತು. ಟೇಪಿನಲ್ಲಿ 600, ಯಂತ್ರದಲ್ಲಿ 606. ಕೆತ್ತಿ ಮುಗಿದ ಗಡಿಯಾರ ಅಡ್ಡಕ್ಕೆ 297. ವರ್ನಿಯರ್ ಹಿಡಿದು ನೋಡಿದೆ. 12 ಇರಬೇಕಾದ ರೋಲರ್ 11.88 ಆಗಿತ್ತು. ಸಣ್ಣ ಚಕ್ರ ಅಷ್ಟೇ ದೂರಕ್ಕೆ ಜಾಸ್ತಿ ಸುತ್ತು ತಿರುಗುತ್ತದೆ. ಯಂತ್ರ "ಆಹಾ, ಎಷ್ಟು ದೂರ ಬಂದೆವು!" ಅಂದುಕೊಂಡು ಮೊದಲೇ ನಿಲ್ಲುತ್ತದೆ. ಹಿಗ್ಗಿದ್ದ ಗಡಿಯಾರವನ್ನು ಕುಗ್ಗಿಸಿಬಿಟ್ಟಿದ್ದೆ. ಈಗ ದೊಡ್ಡ ಮುಳ್ಳು ಮೂರನ್ನು ದಾಟಿ ಬಳ್ಳಿಯ ಕಡೆಗೆ ಕೈ ಚಾಚುತ್ತಿತ್ತು.

"ಮೂರು ಗಂಟೆ ಈಗ ಹತ್ತಿರ ಬಂತು" ಎಂದಳು ಹೆಂಡತಿ, ಸಮಾಧಾನ ಹೇಳುವ ದನಿಯಲ್ಲಿ.

ಹೊಸ ರೋಲರ್ ತರಿಸಿದೆ. ಅದು ಬರುವ ತನಕ ಕೈಪಿಡಿಯ ಆ ಒಂದು ಪುಟವನ್ನು ಪರೀಕ್ಷೆಗೆ ಓದಿದ ಹಾಗೆ ಓದಿದೆ. ಬಂದ ದಿನ ಪ್ಲಗ್ ಕಿತ್ತು ಜೇಬಿಗೆ ತುರುಕುವಷ್ಟು ಹತ್ತಿರ ಇಟ್ಟುಕೊಂಡೆ. ಕರೆಂಟಿನ ವಿಷಯದಲ್ಲಿ ನಾನು ಮೊದಲಿನಿಂದಲೂ ಪುಕ್ಕಲ. ರೋಲರಿನ ಮೇಲಿನ ಮುಚ್ಚಳಕ್ಕೆ ಎರಡೇ ಸ್ಕ್ರೂ. ಒಂದು ಬಂತು. ಇನ್ನೊಂದೂ ಬಂತು, ಬಂದು ಹೊಟ್ಟಿನ ರಾಶಿಯೊಳಗೆ ಬಿತ್ತು. ಅಯಸ್ಕಾಂತ ಹಿಡಿದು ಹುಡುಕಿದೆ. ಮೊದಲು ಸಿಕ್ಕಿದ್ದು ಹೋದ ವರ್ಷ ಕಳೆದಿದ್ದ ಮೊಳೆ. ಆಮೇಲೆ ಸಿಕ್ಕಿದ್ದು ಯಾವುದರದೆಂದು ಇಂದಿಗೂ ತಿಳಿಯದ ಒಂದು ವಾಷರ್. ಮೂರನೆಯದಾಗಿ ಸ್ಕ್ರೂ.

ಮುಚ್ಚಳ ಎತ್ತಿದಾಗ ಟಿಕ್ ಎಂದು ಏನೋ ಹಾರಿತು. ನನ್ನ ಯಂತ್ರದಲ್ಲಿ ರೋಲರಿನ ಅಡಿಗೆ ಒಂದು ಪುಟ್ಟ ಸ್ಪ್ರಿಂಗ್ ಇದೆ. ರೋಲರನ್ನು ಕೂದಲೆಳೆಯಷ್ಟು ಮೇಲಕ್ಕೆ ಎತ್ತಿ ಹಿಡಿದು ಹಲಗೆಗೆ ತಾಗಿಸುವುದೇ ಅದರ ಕೆಲಸ. ಅದು ಹಾರಿದ ದಿಕ್ಕು ಕಂಡಿತು, ಇಳಿದ ಜಾಗ ಕಾಣಲಿಲ್ಲ. ಅಯಸ್ಕಾಂತಕ್ಕೂ ಸಿಗಲಿಲ್ಲ. ಮುಕ್ಕಾಲು ಗಂಟೆ ಹುಡುಕಿದ ಮೇಲೆ, ಬೆಳಿಗ್ಗೆಯಿಂದ ಚಾಲೂ ಇದ್ದ ವ್ಯಾಕ್ಯೂಮ್ ಕ್ಲೀನರಿನ ಪೈಪು ಅದೇ ದಿಕ್ಕಿಗೆ ಬಾಯಿ ತೆರೆದು ಮಲಗಿರುವುದು ಕಂಡಿತು. ಅದರ ಚೀಲವನ್ನು ಹಳೇ ಬೆಡ್‌ಶೀಟಿನ ಮೇಲೆ ಸುರಿದು, ಈ ಸಲ ಮಾಸ್ಕ್ ಹಾಕಿಕೊಂಡು, ಬೆರಳಲ್ಲಿ ಜಾಲಾಡಿದೆ. ಸ್ಪ್ರಿಂಗ್ ಸಿಕ್ಕಿತು. ಜೊತೆಗೆ ಹೆಂಡತಿಯ ಕಿವಿಯೋಲೆಯ ತಿರುಪು ಸಿಕ್ಕಿತು. ಆ ದಿನ ನನಗೆ ಸಿಕ್ಕ ಮೆಚ್ಚುಗೆಯೆಲ್ಲ ಎರಡನೆಯದಕ್ಕೆ.

ಮಾಡಬೇಕಾದ ಕೆಲಸ ನಿಜಕ್ಕೂ ಐದೇ ನಿಮಿಷದ್ದು, ಅದೇ ಹೊಟ್ಟೆ ಉರಿಸುವ ವಿಷಯ. ಗಾಳಿ ಊದಬಾರದು, ಹೊಟ್ಟನ್ನು ಎಳೆದುಕೊಳ್ಳಬೇಕು. ಅಂಟಿಗೆ ಉಪ್ಪುಕಾಗದವಲ್ಲ, ಬಟ್ಟೆಗೆ ಎರಡು ಹನಿ ಸ್ಪಿರಿಟ್. ಮೂಲೆಗೆ ಹಳೇ ಹಲ್ಲುಜ್ಜುವ ಬ್ರಷ್. ಸ್ಪಿರಿಟ್ಟನ್ನು ನೇರವಾಗಿ ಸುರಿದರೆ ಅದು ಎನ್‌ಕೋಡರಿನ ಮನೆಯೊಳಗೂ ಹೋಗುತ್ತದೆ, ಹಾಗಾಗಿ ಬಟ್ಟೆಗೇ. ಎಣ್ಣೆ ಬೇಡ. ಹೊಟ್ಟು ಹಾರುವ ಕಡೆ ಎಣ್ಣೆ ಹಾಕಿದರೆ ಅದು ಅಂಟಿನ ಕೆಲಸ ಮಾಡುತ್ತದೆ. ಪೆನ್ಸಿಲಿನ ಕಡ್ಡಿ ಕೆರೆದು ಆ ಪುಡಿ ಹಾಕೋಣ, ಗ್ರಾಫೈಟ್ ಒಣ ಜಾರಿಕೆ ಕೊಡುತ್ತದಲ್ಲ ಅಂತ ಒಂದು ಐಡಿಯಾ ಬಂದಿತ್ತು. ಹೆರೆಯಲು ಕೂತ ಮೇಲೆ ನೆನಪಾಯಿತು, ಗ್ರಾಫೈಟಿನಲ್ಲಿ ಕರೆಂಟ್ ಹರಿಯುತ್ತದೆ ಮತ್ತು ಸರ್ಕ್ಯೂಟ್ ಬೋರ್ಡ್ ಪಕ್ಕದಲ್ಲೇ ಇದೆ. ಪೆನ್ಸಿಲನ್ನು ಮಗಳಿಗೆ ವಾಪಸು ಕೊಟ್ಟೆ. ಕೊನೆಗೆ ಏನನ್ನೂ ಹಾಕಲಿಲ್ಲ. ಹೊಸ ರೋಲರನ್ನು ಬೆರಳಲ್ಲಿ ತಟ್ಟಿದೆ. ಸದ್ದಿಲ್ಲದೆ ಸುಮಾರು ಹೊತ್ತು ತಿರುಗಿತು. ನಾನು ಏನೂ ಮಾಡದೇ ಇದ್ದಾಗ ಯಂತ್ರಗಳು ಎಷ್ಟು ಚೆನ್ನಾಗಿರುತ್ತವೆ.

ಐದನೇ ಹಲಗೆ. ಪರದೆಯ ಮೇಲೆ 594.

ಆ ಕ್ಷಣದಲ್ಲಿ ನಾನು ಯಂತ್ರಕ್ಕೆ ಏನು ಹೇಳಿದೆ ಎಂಬುದನ್ನು ಮಗಳು ಇನ್ನೂ ಹೊರಗೆ ಎಲ್ಲೂ ಹೇಳಿಲ್ಲ, ಅದಕ್ಕೆ ಪ್ರತಿಫಲ ಪಡೆಯುತ್ತಿದ್ದಾಳೆ. ಮತ್ತೆ ಅಳೆಸಿದೆ. 596. ಇನ್ನೊಮ್ಮೆ. 593. ರೋಲರ್ ದಪ್ಪವಾಗಿದ್ದರೆ ತಪ್ಪು ಪ್ರತಿ ಸಲ ಒಂದೇ ಇರಬೇಕಿತ್ತು. ಇದು ಸಲಕ್ಕೊಂದು ಮಾತು ಆಡುತ್ತಿತ್ತು. ಅಂದರೆ ರೋಲರಿಗೆ ಹಲಗೆಯೇ ಸರಿಯಾಗಿ ತಾಗುತ್ತಿಲ್ಲ. ಹಲಗೆಯನ್ನು ತಿರುಗಿಸಿ ಬೆನ್ನಿಗೆ ಸ್ಟೀಲ್ ಪಟ್ಟಿ ಅಡ್ಡ ಹಿಡಿದೆ. ನಡುವೆ ಬೆಳಕು ಕಂಡಿತು. ಮರ ಒಣಗುವಾಗ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ಬೆಳವಣಿಗೆಯ ಉಂಗುರಗಳ ಉದ್ದಕ್ಕೆ ಕುಗ್ಗುವುದು, ಉಂಗುರಗಳಿಗೆ ಅಡ್ಡಲಾಗಿ ಕುಗ್ಗುವುದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು. ಹಾಗಾಗಿ ಚಪ್ಪಟೆಯಾಗಿ ಕೊಯ್ದ ಹಲಗೆ ದೋಣಿಯ ಹಾಗೆ ಬಾಗುತ್ತದೆ. ನನ್ನ ಹಲಗೆ ಬೋರಲು ಹಾಕಿದ ದೋಣಿಯಾಗಿತ್ತು. ರೋಲರ್ ಪಾಪ ಅದರ ಕೆಳಗೆ ತುದಿಗಾಲಲ್ಲಿ ನಿಂತು, ತಾಗಿದಾಗ ಎಣಿಸುತ್ತಾ ತಾಗದಾಗ ಸುಮ್ಮನಿರುತ್ತಾ ಇತ್ತು. ಅದನ್ನು ಬೈದದ್ದಕ್ಕೆ ನಾಚಿಕೆಯಾಯಿತು. ಬೆನ್ನನ್ನು ಕೀಸುಳಿಯಿಂದ ಸಮ ಮಾಡಿದೆ. ಇದು ನಾನು ಸ್ವಂತ ಕೈಯಿಂದ ಮಾಡಿದ ಏಕೈಕ ಮರಗೆಲಸ. ಮತ್ತೆ ಹಾಕಿದೆ. 600. ಮತ್ತೆ. 600. ಮೂರನೇ ಸಲವೂ 600. ಗಡಿಯಾರ ಉದ್ದಕ್ಕೂ ಅಡ್ಡಕ್ಕೂ 300 ಬಂತು.

ಈಗ ಪ್ರತಿ ಕೆಲಸಕ್ಕೂ ಮೊದಲು ಟೇಪು ಮತ್ತು ಪರದೆ ಒಂದೇ ಮಾತು ಹೇಳುತ್ತಿವೆಯಾ ಅಂತ ನೋಡುತ್ತೇನೆ. ಪೈನ್ ಕೆತ್ತಿದ ದಿನ ರಾತ್ರಿ ರೋಲರನ್ನು ಒರೆಸಿಯೇ ಮಲಗುವುದು. ಕೈಪಿಡಿ ಕಪಾಟಿಗೆ ಬಂದಿದೆ, ಮೇಜಿನ ಕೆಳಗೆ ಕುಗ್ಗಿದ ಗಡಿಯಾರ ಇದೆ. ದಪ್ಪ ಸರಿಹೋಯಿತು.

ದುಂಡು ಗಡಿಯಾರವನ್ನು ಪಾಲಿಶ್ ಮಾಡಿ ಅತ್ತಿಗೆ ಮನೆಗೆ ತೆಗೆದುಕೊಂಡು ಹೋಗುವಾಗ, ನಗಿಸೋಣ ಅಂತ ಮೊದಲ ಮೊಟ್ಟೆಯನ್ನೂ ಚೀಲಕ್ಕೆ ಹಾಕಿಕೊಂಡೆ. ಅತ್ತಿಗೆ ದುಂಡನೆಯದನ್ನು ನೋಡಿ "ಚೆನ್ನಾಗಿದೆ" ಎಂದರು. ಮೊಟ್ಟೆಯನ್ನು ನೋಡಿ, ಎತ್ತಿಕೊಂಡು, ಬೆಳಕಿಗೆ ಹಿಡಿದು, "ಇದು ನೋಡು, ಕೈಯಲ್ಲಿ ಕೆತ್ತಿದ ಹಾಗಿದೆ" ಎಂದು ಗೋಡೆಗೆ ತಗುಲಿಸಿಯೇ ಬಿಟ್ಟರು.

"ಅತ್ತಿಗೆ, ಅದು ತಪ್ಪಾಗಿ ಬಂದಿದ್ದು."

"ಅದಕ್ಕೇ ಚೆಂದ ಇದೆ ಕಣೋ. ನನ್ನ ತಂಗಿಗೂ ಇಂಥದ್ದೇ ಒಂದು ಮಾಡಿಕೊಡು."

ಮನೆಗೆ ಬಂದು ಯಂತ್ರದ ಮುಂದೆ ಕೂತೆ. ಹೊಸ ರೋಲರ್ ಥಳಥಳ ಹೊಳೆಯುತ್ತಿತ್ತು, ಮೂರು ವರ್ಷದ ಅಂಟು ಎಲ್ಲಿಂದ ತರಲಿ? ಮಗಳು ಹೆಗಲ ಮೇಲಿನಿಂದ ಬಗ್ಗಿ, "ಅಪ್ಪಾ, ಕಂಪ್ಯೂಟರಿನಲ್ಲೇ ಅಗಲ 310 ಮಾಡಿದ್ರೆ ಆಯ್ತಲ್ಲ" ಎಂದಳು. ಮಾಡಿದೆ. ಯಂತ್ರ 310 ಅಂದರೆ 310 ಕೆತ್ತಿತು, ಒಂದು ಕೂದಲೆಳೆ ಆಚೆ ಈಚೆ ಇಲ್ಲ. ತಂಗಿಯ ಮನೆಗೆ ತಲುಪಿದ ಮೇಲೆ ಅತ್ತಿಗೆ ಫೋನ್ ಮಾಡಿದರು. ಚೆನ್ನಾಗಿದೆಯಂತೆ, ಆದರೆ ಮೊದಲಿನದರಷ್ಟು ನೈಜವಾಗಿಲ್ಲವಂತೆ.